ಕಿಟಕಿ ಪಕ್ಕದ ಖಾಲಿ ಹಾಸಿಗೆ

ಕೇಳುವ ಕೆಲಸಕ್ಕೆ ಮಾತು ಕಡಿಮೆ ಇರುವವಳೇ ಬೇಕೆಂದು ಪ್ರೊಫೆಸರರು ಅವಳನ್ನು ಆರಿಸಿಕೊಂಡಿದ್ದರು. ಸಂದರ್ಶನಕ್ಕೆ ಬಂದ ಉಳಿದವರೆಲ್ಲ ತಮ್ಮ ಬಗ್ಗೆ ಹುರಿದ ಕಾಳಿನ ಹಾಗೆ ಪಟಪಟ ಹೇಳಿಕೊಂಡು ಹೋದರೆ, ಇವಳು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಕೈಚೀಲದ ದಾರವನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ನೀವು ನಡುವೆ ಬಾಯಿ ಹಾಕುವ ಪೈಕಿ ಅಲ್ಲ, ನನಗೆ ಅಷ್ಟು ಸಾಕು ಎಂದು ಅವರು ಪೆನ್ನಿನ ಮುಚ್ಚಳ ಕಚ್ಚಿಕೊಂಡೇ ಹೇಳಿದ್ದರು. ಮನೆಗೆ ಬಂದು ಸುದ್ದಿ ತಿಳಿಸಿದಾಗ ಚಿಕ್ಕಪ್ಪ ಕನ್ನಡಕ ಒರೆಸುತ್ತ, ಸುಮ್ಮನೆ ಕೂರುವುದಕ್ಕೂ ಸಂಬಳ ಕೊಡುವ ಕಾಲ ಬಂತಲ್ಲ, ಇದು ಮೊದಲೇ ಗೊತ್ತಿದ್ದರೆ ನಾನು ಕನ್ನಡಕದ ಅಂಗಡಿಯನ್ನೇ ಇಡುತ್ತಿರಲಿಲ್ಲ ಎಂದಿದ್ದ.

ಕೆಲಸ ಸುಮ್ಮನೆ ಕೂರುವುದೇನೂ ಆಗಿರಲಿಲ್ಲ. ಆಸ್ಪತ್ರೆಯ ನರ್ಸುಗಳು ಒಳಗೊಳಗೇ ಎಷ್ಟು ಬಳಲಿ ಬೆಂಡಾಗಿದ್ದಾರೆ ಎಂದು ಅಳೆಯುವ ಪ್ರಶ್ನಾವಳಿಯೊಂದು ದೂರದ ಭಾಷೆಯಲ್ಲಿ ಇತ್ತು. ಇಬ್ಬರು ಅದನ್ನು ನಮ್ಮ ಮಾತಿಗೆ ತಂದರು. ಮೂಲವನ್ನು ಕಣ್ಣಿಂದಲೂ ನೋಡದ ಇನ್ನಿಬ್ಬರು ಅದನ್ನು ಮತ್ತೆ ಆ ಭಾಷೆಗೆ ಒಯ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು, ಎಲ್ಲೆಲ್ಲಿ ಅರ್ಥ ಜಾರಿದೆ ಎಂದು ತಿಂಗಳುಗಟ್ಟಲೆ ಜಗಳವಾಡಿ, ಅಳೆದು ಸುರಿದು ತಿದ್ದಿಯೂ ಆಗಿತ್ತು. ಇನ್ನು ಉಳಿದದ್ದು ಜನರ ಮುಂದಿಟ್ಟು ನೋಡುವುದು. ನರ್ಸು ಒಂದೊಂದೇ ಪ್ರಶ್ನೆಯನ್ನು ಜೋರಾಗಿ ಓದಬೇಕು, ಓದಿದಾಗ ಮನಸ್ಸಿಗೆ ಏನು ಬಂತೋ ಅದನ್ನು ಬಾಯಿಬಿಟ್ಟು ಹೇಳಬೇಕು, ಆಮೇಲೆ ‘ಎಂದೂ ಇಲ್ಲ’, ‘ಅಪರೂಪಕ್ಕೆ’, ‘ಆಗಾಗ’, ‘ದಿನವೂ’ ಎಂಬ ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಇವಳು ಎದುರಿಗೆ ಕೂತು ಅದನ್ನೆಲ್ಲ ಬರೆದುಕೊಳ್ಳಬೇಕು. ಮೊದಲ ಪರೀಕ್ಷೆಗೆ ಗೊತ್ತುಮಾಡಿದ್ದು ಗಂಡಸರ ವಾರ್ಡು. ಅದೇ ವಾರ್ಡಿನಲ್ಲಿ ಅವಳ ಚಿಕ್ಕಮ್ಮ ನರ್ಸು. ಓದುವುದಕ್ಕೆಂದು ಪಟ್ಟಣಕ್ಕೆ ಬಂದ ದಿನದಿಂದ ಇವಳು ಇದ್ದದ್ದು ಆ ಚಿಕ್ಕಮ್ಮನ ಮನೆಯಲ್ಲೇ. ಕೇಳುವವರ ಒಡಹುಟ್ಟಿದವರು, ಬಂಧುಗಳು ತುಂಬಿಕೊಟ್ಟ ಹಾಳೆ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಬೇರೆ ಇಡಿ ಎಂದು ಪ್ರೊಫೆಸರರು ಮೊದಲೇ ಹೇಳಿದ್ದರು.

ಗಲಾಟೆಯಿಲ್ಲದ ಜಾಗ ಬೇಕೆಂದು ಕೇಳಿದ್ದಕ್ಕೆ ನರ್ಸುಗಳ ಮೇಲಧಿಕಾರಿ ಮೇಟ್ರನ್ನರ ಕೋಣೆ ಸಿಕ್ಕಿತು. ಮೇಟ್ರನ್ನರು ರಜೆಯಲ್ಲಿದ್ದರು. ಎದೆಮಟ್ಟಕ್ಕೆ ಹಸಿರು ಬಳಿದ ಗೋಡೆ, ಮಸುಕು ಗಾಜಿನ ಬಾಗಿಲು, ಗಾಜು ಹೊದಿಸಿದ ಮೇಜು, ಅದರಡಿ ಹಳದಿಯಾದ ಡ್ಯೂಟಿ ಪಟ್ಟಿಗಳು. ಆಚೆ ಕಡೆ ದಿಂಬು ಹಾಕಿದ ಕೈಕುರ್ಚಿ, ಈಚೆ ಕಡೆ ನೆಟ್ಟಗಿನ ಮರದ ಕುರ್ಚಿ. ಮರದ ಕುರ್ಚಿಯ ಒಂದು ಕಾಲು ಮೋಟು; ಕೂತವರು ಉಸಿರು ಎಳೆದುಕೊಂಡರೂ ಅದು ಟಕ್ ಎನ್ನುತ್ತಿತ್ತು. ಇಂಥ ಪ್ರಶಾಂತ ಕೋಣೆ ಸಿಕ್ಕಿತಲ್ಲ ಎಂದು ಅವಳಿಗೆ ಒಳಗೇ ಖುಷಿ.

ಮೊದಲು ಬಂದದ್ದು ರೇಡಿಯೋ. ಆ ನರ್ಸನ್ನು ವಾರ್ಡಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಕಾರಿಡಾರಿನಲ್ಲಿ ಅವರು ಬರುತ್ತಿದ್ದಾರೆಂದರೆ ಮೂರು ಬಾಗಿಲಾಚೆಗೇ ಗೊತ್ತಾಗುತ್ತಿತ್ತು. ಡಾಕ್ಟರರ ನಡಿಗೆ ಅನುಕರಿಸಿ ಹೊಲಿಗೆ ಹಾಕಿಸಿಕೊಂಡ ರೋಗಿಗಳನ್ನೂ ನಗಿಸಿ, ಹೊಲಿಗೆ ಬಿಚ್ಚಿದರೆ ನನ್ನ ತಲೆಗೆ ಕಟ್ಟಬೇಡಿ ಎಂದು ತಾವೇ ಗದರುವ ಹೆಂಗಸು. ಅಂಥವರು ಆ ಮರದ ಕುರ್ಚಿಯಲ್ಲಿ ಕೂತದ್ದೇ ಬಾಯಿಗೆ ಬೀಗ ಹಾಕಿಕೊಂಡ ಹಾಗೆ ಆಗಿಬಿಟ್ಟರು. ‘ಪಾಳಿ ಮುಗಿಯುವ ಹೊತ್ತಿಗೆ ನನ್ನೊಳಗೆ ಏನೂ ಉಳಿದಿಲ್ಲ ಎನಿಸುತ್ತದೆ’ ಎಂದು ಓದಿದರು. ಏನು ಅನಿಸಿತು ಎಂದು ಇವಳು ಮೆಲ್ಲಗೆ ಕೇಳಿದಳು. ಏನಿಲ್ಲ ಎಂದರು. ಎಂದೂ ಇಲ್ಲ ಎಂಬಲ್ಲಿ ಗುರುತು ಹಾಕಿದರು. ‘ಕರೆಗಂಟೆ ಕೇಳಿದರೂ ಕೇಳದವರಂತೆ ಇದ್ದುಬಿಡೋಣ ಎನಿಸುತ್ತದೆ’ ಎಂದು ಓದಿದರು. ಕುರ್ಚಿ ಟಕ್ ಎಂದಿತು. ಎಂದೂ ಇಲ್ಲ.

ಆಮೇಲೆ ಬಂದವರದ್ದೂ ಅದೇ ಕಥೆ. ಒಬ್ಬರು ಗಡಿಯಾರ ನೋಡಿದರು, ಒಬ್ಬರು ಉಗುರು ನೋಡಿದರು. ವಾರ್ಡಿನಲ್ಲಿದ್ದ ಒಬ್ಬನೇ ಗಂಡು ನರ್ಸು, ಎಲ್ಲರ ಬಾಯಲ್ಲೂ ಬ್ರದರ್ ಆಗಿದ್ದವನು, ಓದುವ ಮೊದಲೇ ಎಲ್ಲ ಸಾಲಿಗೂ ಎಂದೂ ಇಲ್ಲ ಎಂದು ಗುರುತು ಹಾಕಿಟ್ಟು, ಇನ್ನು ಓದಲಾ ಮೇಡಂ ಎಂದು ವಿನಯದಿಂದ ಕೇಳಿದ. ಚಿಕ್ಕಮ್ಮನೂ ತನ್ನ ಸರದಿಯಲ್ಲಿ ಬಂದು, ಅಕ್ಕನ ಮಗಳನ್ನು ಗುರುತೇ ಇಲ್ಲದವಳ ಹಾಗೆ ನೋಡಿ, ಹಾಳೆ ತುಂಬಿ, ಎದ್ದುಹೋದಳು. ಎಂದೂ ಇಲ್ಲ, ಎಂದೂ ಇಲ್ಲ, ಎಂದೂ ಇಲ್ಲ.

ಉಳಿದವರ ವಿಷಯ ಏನೋ, ಚಿಕ್ಕಮ್ಮನ ವಿಷಯ ಮಾತ್ರ ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಹೊಸ್ತಿಲ ಒಳಗೆ ಒಂದು ಸ್ಟೂಲು ಇದೆ. ಪಾಳಿ ಮುಗಿಸಿ ಬಂದ ಚಿಕ್ಕಮ್ಮ ಶೂ ಬಿಚ್ಚಲು ಅದರ ಮೇಲೆ ಕೂತರೆ, ಒಂದು ಕಾಲಿನ ಶೂ ಕೈಯಲ್ಲಿ, ಇನ್ನೊಂದು ಕಾಲಲ್ಲೇ, ಹಾಗೇ ಕೂತುಬಿಡುತ್ತಿದ್ದಳು. ಇವಳು ತಂದಿಟ್ಟ ಟೀ ಕೆನೆಗಟ್ಟುತ್ತಿತ್ತು. ಒಂದು ಕಾಲದಲ್ಲಿ ಊಟಕ್ಕೆ ಕೂತರೆ ವಾರ್ಡಿನ ಕಥೆಗಳನ್ನೇ ಬಡಿಸುತ್ತಿದ್ದ ಹೆಂಗಸು ಅದು. ಸೂಜಿ ಕಂಡರೆ ಅಳುವ ದೈತ್ಯ ದೇಹದ ಲಾರಿ ಡ್ರೈವರನ ಧ್ವನಿ ತೆಗೆದು ಚಿಕ್ಕಪ್ಪನಿಗೆ ಅನ್ನ ನೆತ್ತಿಗೆ ಹತ್ತಿಸಿದ್ದುಂಟು. ಈಗ ಬಾಗಿಲ ಗಂಟೆ ಬಾರಿಸಿದರೂ ತಲೆ ಎತ್ತುವುದಿಲ್ಲ. ಗೋಡೆಯನ್ನೇ ನೋಡುತ್ತ, ಇನ್ಯಾರಾದರೂ ಏಳಲಿ ಎಂದು ಕಾಯುತ್ತಾಳೆ. ಏನೆಂದರೂ ಹ್ಞೂಂ, ಎಷ್ಟೆಂದರೂ ಹ್ಞೂಂ. ಚಿಕ್ಕಪ್ಪ ಕಣ್ಣು ಪರೀಕ್ಷಿಸುವವನ ಹಾಗೆ ಹೆಂಡತಿಯನ್ನು ನೋಡುತ್ತಾನೆ. ಓದಲಾಗದ ಅಕ್ಷರ ಕಂಡವನ ಹಾಗೆ ಕನ್ನಡಕ ಒರೆಸಿಕೊಳ್ಳುತ್ತಾನೆ.

ಅಂದು ಸಂಜೆ ತರಕಾರಿ ಹೆಚ್ಚುತ್ತ ಅವಳು ಕೇಳಿಯೇಬಿಟ್ಟಳು. ಹಾಳೆಯಲ್ಲಿ ಯಾಕೆ ಹಾಗೆ ಬರೆದೆ ಎಂದು.

“ಮತ್ತೆ ಹೇಗೆ ಬರೀಲಿ? ನಂಗೇನಾಗಿದೆ ಪುಟ್ಟಿ, ಗುಂಡುಕಲ್ಲಿನ ಹಾಗಿದೀನಿ,” ಎಂದಳು ಚಿಕ್ಕಮ್ಮ. ಎಂದವಳು ಹೆಚ್ಚಿಟ್ಟಿದ್ದ ಗಜ್ಜರಿಯನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕಿದಳು. ಇಬ್ಬರೂ ಅದನ್ನು ನೋಡಿದರು.

ಪ್ರೊಫೆಸರರು ಹಾಳೆಗಳನ್ನು ಇಸ್ಪೀಟೆಲೆಯ ಹಾಗೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ಪೆನ್ನಿನ ಮುಚ್ಚಳ ಹಲ್ಲಿನ ನಡುವೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ಇಂಥ ಆರೋಗ್ಯವಂತ ವಾರ್ಡನ್ನು ನಾನು ಜನ್ಮದಲ್ಲಿ ಕಂಡಿಲ್ಲ, ರೋಗಿಗಳ ಬದಲು ಡಾಕ್ಟರರನ್ನು ಅಲ್ಲಿ ಮಲಗಿಸಬೇಕು ಎಂದರು. ಆಮೇಲೆ ನಗು ಬಿಟ್ಟು ವಿಷಯ ತಿಳಿಸಿದರು. ಆ ವಾರ್ಡಿಗೆ ಪ್ರತಿ ಪಾಳಿಗೂ ಒಬ್ಬ ನರ್ಸು ಹೆಚ್ಚು ಬೇಕೆಂದು ವಾರ್ಡಿನ ಮುಖ್ಯಸ್ಥೆ ವರ್ಷಗಳಿಂದ ಕೇಳುತ್ತಿದ್ದಾರೆ. ಬರಿಯ ಬಾಯಿಮಾತು ಬೇಡ, ಅಂಕಿಅಂಶದಲ್ಲಿ ತೋರಿಸಿ ಎಂದು ಆಡಳಿತದವರು ಹೇಳಿದ್ದಾರೆ. ಅವರು ಒಪ್ಪಿರುವ ಅಂಕಿಅಂಶ ಅಂದರೆ ಇದೇ ಪ್ರಶ್ನಾವಳಿಯದ್ದು. ಮುಂದಿನ ವಾರ ಸಭೆ.

“ಈ ಹಾಳೆಗಳನ್ನ ಅವರ ಮುಂದೆ ಇಟ್ರೆ ಏನಾಗುತ್ತೆ ಹೇಳಿ. ನಮ್ಮಲ್ಲಿ ಯಾರಿಗೂ ದಣಿವೇ ಇಲ್ಲ ಅಂತ ಅವರೇ ಸಹಿ ಮಾಡ್ಕೊಟ್ಟ ಹಾಗೆ. ಫೈಲು ಮುಚ್ತಾರೆ, ಮತ್ತೆ ತೆಗೆಯಲ್ಲ.”

ಅವಳು ಹರಡಿದ ಹಾಳೆಗಳನ್ನು ನೋಡಿದಳು. ತಾನು ಬರೆದುಕೊಂಡು ಬಂದ ಹಾಳೆಗಳೇ ಚಿಕ್ಕಮ್ಮನ ಮೇಲೆ ಇನ್ನಷ್ಟು ವರ್ಷಗಳ ಭಾರ ಹೊರಿಸಲಿವೆ. ತಪ್ಪು ಅನುವಾದದಲ್ಲಿ ಇದೆಯೇನೋ, ಮಾತು ಅವರಿಗೆ ತಟ್ಟುತ್ತಿಲ್ಲವೇನೋ ಎಂದು ಪ್ರೊಫೆಸರರ ಅನುಮಾನ. ಯಾವ ಪ್ರಶ್ನೆ ಎಲ್ಲಿ ಮುಗ್ಗರಿಸುತ್ತಿದೆ ಎಂದು ಹೋಗಿ ನೋಡಿ ಬನ್ನಿ, ಇರುವುದು ಇದೊಂದು ವಾರ ಎಂದರು.

ಮಾರನೆಯ ದಿನ ಅವಳು ವಾರ್ಡಿಗೇ ಹೋದಳು. ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ನಿವೃತ್ತಿಯ ಅಂಚಿನಲ್ಲಿದ್ದ, ಗಟ್ಟಿ ಮೂಳೆಯ ಹೆಂಗಸು. ಚಿಕ್ಕಪ್ಪನ ಅಂಗಡಿಯ ಕನ್ನಡಕವೇ ಅವರ ಎದೆಯ ಮೇಲೆ ಸರಪಳಿಯಲ್ಲಿ ತೂಗುತ್ತಿತ್ತು. ಅವರ ಹತ್ತಿರ ಮಾತು ಹೇಗೆ ಎತ್ತುವುದೆಂದು ತಿಳಿಯದೆ ಇವಳು ಔಷಧದ ಗಾಡಿಯ ಮರೆಯಲ್ಲಿ ನಿಂತಳು. ಅಷ್ಟರಲ್ಲಿ ಪಾಳಿ ಬದಲಾಗುವ ಹೊತ್ತಾಯಿತು.

ಅವಳು ಅದನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹೊರಡುವ ನರ್ಸು ಮುಂದೆ, ಬಂದ ನರ್ಸು ಹಿಂದೆ, ಒಂದೊಂದೇ ಹಾಸಿಗೆಯ ಕಾಲ ಬಳಿ ನಿಂತು ವಾರ್ಡು ಒಪ್ಪಿಸುವುದು. ಯಾರೂ ಕೂರುವುದಿಲ್ಲ. ಅಂದು ಒಪ್ಪಿಸುತ್ತಿದ್ದವಳು ಚಿಕ್ಕಮ್ಮ. ಮನೆಯಲ್ಲಿ ಹ್ಞೂಂ ಬಿಟ್ಟು ಬೇರೆ ಮಾತು ಮರೆತ ಅದೇ ಬಾಯಿಂದ ಈಗ ಒಂದು ತಡವರಿಕೆಯಿಲ್ಲದೆ ಬರುತ್ತಿತ್ತು. ಇವರಿಗೆ ಜ್ವರ ಇಳಿದಿದೆ, ಇವರ ಡ್ರೆಸ್ಸಿಂಗ್ ಸಂಜೆಗೆ ಇದೆ, ಇವರ ಮಗಳು ಬರುತ್ತೇನೆಂದು ಬಂದಿಲ್ಲ, ಆ ವಿಷಯ ಎತ್ತಬೇಡಿ. ಬಾಗಿಲ ಹತ್ತಿರದ ಮುದುಕರ ಬಳಿ ನಿಂತು ಚಿಕ್ಕಮ್ಮ ಸ್ವಲ್ಪ ದನಿ ತಗ್ಗಿಸಿದಳು.

“ನೋವಿದೆ. ಕೇಳಿದ್ರೆ ಇಲ್ಲ ಅಂತಾರೆ. ನಂಬಬೇಡಿ, ಕೈ ನೋಡಿ, ಹೊದಿಕೆ ಹಿಂಡ್ತಾ ಇರ್ತಾರೆ.”

ಕೊನೆಯ ಹಾಸಿಗೆಯಾದ ಮೇಲೂ ಚಿಕ್ಕಮ್ಮ ಹೊರಡಲಿಲ್ಲ, ನಿಂತಳು. ಬಂದ ನರ್ಸು, “ತಗೊಂಡೆ. ನೀವು ಹೊರಡಿ,” ಎಂದಳು. ಆಗ ಚಿಕ್ಕಮ್ಮನ ಭುಜ ಒಂದಿಷ್ಟು ಇಳಿಯಿತು. ಈ ಎರಡು ಮಾತು ಕೇಳುವವರೆಗೆ ಯಾರೂ ವಾರ್ಡು ಬಿಡುವಂತಿಲ್ಲ. ಕೇಳಿದ ಮೇಲೆ ಅಲ್ಲಿನ ಯಾವ ಕರೆಗಂಟೆಯೂ ಅವರದ್ದಲ್ಲ. ಇದು ಆ ವಾರ್ಡಿನ ಕಟ್ಟುಪಾಡು.

ಅವಳು ಗಾಡಿಯ ಮರೆಯಿಂದ ಹೊರಬಂದಳು. ದೊಡ್ಡ ಸಿಸ್ಟರ್ ಕನ್ನಡಕ ಏರಿಸಿ, ಓಹೋ ಪಿಸುಮಾತಿನವಳು, ಏನು ಬೇಕು ಎಂದರು. ಎಲ್ಲರೂ ಎಂದೂ ಇಲ್ಲ ಎಂದೇ ಬರೆದಿದ್ದಾರೆ ಎಂದೂ, ಹೀಗೇ ಆದರೆ ಸಭೆಯಲ್ಲಿ ಏನಾಗುತ್ತದೆ ಎಂದೂ ಅವಳು ಹೇಳಿದಳು. ಅವರ ಮುಖ ಸಣ್ಣದಾಯಿತು. ಗೋಡೆಗೆ ಒರಗಿದರು.

“ಎಲ್ಲಿ ಕೂರಿಸಿ ಕೇಳಿದೆ?”

“ಮೇಟ್ರನ್ ರೂಮಲ್ಲಿ.”

“ಆ ಮರದ ಕುರ್ಚಿಲಾ?” ದೊಡ್ಡ ಸಿಸ್ಟರಿಗೆ ನಗು ಬಂತು, ಸುಖದ ನಗು ಅಲ್ಲ. “ನಮ್ಮನ್ನ ಆ ರೂಮಿಗೆ ಯಾವಾಗ ಕರೀತಾರೆ ಗೊತ್ತಾ ಮಗಳೇ? ಮಾತ್ರೆ ತಪ್ಪಿದಾಗ. ರೋಗಿ ಕಡೆಯೋರು ದೂರು ಕೊಟ್ಟಾಗ. ಆ ಕುರ್ಚಿಲಿ ಕೂತು ನಾನೂ ಹೇಳಿದೀನಿ, ಇಲ್ಲ ಮೇಡಂ, ಹಾಗೇನಿಲ್ಲ ಮೇಡಂ ಅಂತ. ಅಲ್ಲಿ ಕೂತ್ರೆ ಬಾಯಿಗೆ ಬೇರೆ ಮಾತು ಬರಲ್ಲ.”

ಅವಳಿಗೆ ನಾಚಿಕೆಯಾಯಿತು. ಪ್ರಶ್ನೆಯ ಒಂದೊಂದು ಮಾತನ್ನೂ ತಿಂಗಳುಗಟ್ಟಲೆ ತೂಗಿ ನೋಡಿದ್ದಾಗಿತ್ತು; ಕುರ್ಚಿಯನ್ನು ಯಾರೂ ನೋಡಿರಲಿಲ್ಲ. ಹಾಗಾದರೆ ಬೇರೆ ಕೋಣೆ ಎಂದಳು. ದೊಡ್ಡ ಸಿಸ್ಟರ್ ಅಡ್ಡ ತಲೆಯಾಡಿಸಿದರು. ಯಾವ ಕೋಣೆಯಲ್ಲಿ ಕೂರಿಸಿದರೂ ಅಷ್ಟೇ, ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುವುದು ನಮಗೆ ಬರುವುದಿಲ್ಲ, ಹೇಳಿದರೆ ಗೋಳು ತೋಡಿಕೊಂಡ ಹಾಗಾಗುತ್ತದೆ ಎಂದರು.

ಕೇಳಿದ್ರೆ ಇಲ್ಲ ಅಂತಾರೆ, ನಂಬಬೇಡಿ. ಚಿಕ್ಕಮ್ಮನ ಮಾತು ಅವಳ ಕಿವಿಯಲ್ಲೇ ಕೂತಿತ್ತು. ವಾರ್ಡಿನ ಆ ತುದಿಯಲ್ಲಿ, ಕಿಟಕಿಯ ಪಕ್ಕದ ಹಾಸಿಗೆ ಖಾಲಿ ಇತ್ತು. ಬೆಳಿಗ್ಗೆ ಅದರ ರೋಗಿ ಗುಣವಾಗಿ ಮನೆಗೆ ಹೋಗಿದ್ದ. ಹೊಸ ಚಾದರ ಬಿಗಿಯಾಗಿ ಹಾಸಿತ್ತು, ಬಿಸಿಲು ಅದರ ಮೇಲೆ ಬಿದ್ದಿತ್ತು. ಅವಳ ಬಾಯಿಂದ ಮಾತು ಬಂದದ್ದು ಅವಳಿಗೇ ಆಮೇಲೆ ಗೊತ್ತಾಯಿತು.

“ಆ ಹಾಸಿಗೇನ ಒಪ್ಪಿಸ್ತೀರಾ? ಅದರಲ್ಲಿ ನೀವೇ ಇದೀರಿ ಅಂದ್ಕೊಂಡು?”

ದೊಡ್ಡ ಸಿಸ್ಟರ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಹುಚ್ಚು ಹುಡುಗಿ ಎನ್ನುತ್ತಾರೆ ಎಂದು ಅವಳು ಕಾದಳು. ಅವರು ತಿರುಗಿ ನಿಂತು ರೇಡಿಯೋವನ್ನು ಕೂಗಿದರು.

ರೇಡಿಯೋಗೆ ಮೊದಲು ಇದೊಂದು ತಮಾಷೆ. ಪಾಳಿ ಆಗಲೇ ಮುಗಿದಿತ್ತು, ಬ್ಯಾಗು ಹೆಗಲಿಗೇರಿತ್ತು. ಕಿಟಕಿ ಹಾಸಿಗೆಯ ಕಾಲ ಬಳಿ ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಅವಳು ಪ್ರಶ್ನೆಗಳ ಹಾಳೆಯನ್ನು ಊಟದ ತಟ್ಟೆ ಇಡುವ ಮೇಜಿನ ಮೇಲಿಟ್ಟು, ಎದುರು ಕಡೆ, ಬಂದ ನರ್ಸು ನಿಲ್ಲುವ ಜಾಗದಲ್ಲಿ ನಿಂತಳು.

“ಕಿಟಕಿ ಬೆಡ್ಡು. ಹೆಂಗಸು, ನಲವತ್ತರ ಆಸುಪಾಸು, ಕೇಳಿದ್ರೆ ಮೂವತ್ತೈದು ಅಂತಾರೆ. ಮಾತು ಜಾಸ್ತಿ. ಅದು ಹುಟ್ಟುಗುಣ, ಔಷಧಿ ಇಲ್ಲ.” ಬ್ರದರ್ ಅತ್ತ ಕಡೆಯಿಂದ ಕಿಸಕ್ಕೆಂದ. “ಊಟ ನಿಂತ್ಕೊಂಡೇ. ನಿದ್ದೆ ಬರುತ್ತೆ, ಆದ್ರೆ ನಿದ್ದೇಲೂ ಡ್ರಿಪ್ ನೋಡ್ತಾ ಇರ್ತಾರೆ. ಕರೆಗಂಟೆ ಆದ್ರೆ ಮೊದ್ಲೆಲ್ಲ ಓಡೋರು.” ರೇಡಿಯೋ ಚಾದರದ ಮೂಲೆಯನ್ನು ಸರಿಮಾಡಿದರು, ಅದು ಸರಿಯಾಗಿಯೇ ಇತ್ತು. “ಈಗ ಓಡಲ್ಲ. ಬೇರೆ ಯಾರಾದ್ರೂ ಏಳ್ತಾರಾ ಅಂತ ಒಂದ್ ಗಳಿಗೆ ಕಾಯ್ತಾರೆ. ಆಮೇಲೆ ಹೋಗ್ತಾರೆ. ಹೋಗಿ ಜೋರಾಗಿ ನಗಿಸ್ತಾರೆ, ಕಾದಿದ್ದು ಯಾರಿಗೂ ಗೊತ್ತಾಗಬಾರ್ದು ಅಂತ.”

ಈಗ ಯಾರೂ ನಗಲಿಲ್ಲ. ಚಿಕ್ಕಮ್ಮ ಬೀರುವಿನ ಬಳಿ ಬ್ಯಾಗು ಹಿಡಿದು ನಿಂತಿದ್ದಳು; ನಿಂತೇ ಇದ್ದಳು.

“ಕೇಳಿದ್ರೆ ಚೆನ್ನಾಗಿದೀನಿ ಅಂತಾರೆ,” ಎಂದರು ರೇಡಿಯೋ. “ನಂಬಬೇಡಿ. ಇಷ್ಟೇ.”

ಹೇಳಿ ಮುಗಿಸಿ ಅವರು ಹೊರಡದೆ ನಿಂತರು. ಅವಳು ಪೆನ್ಸಿಲು ಮುಂದೆ ಚಾಚಿದಳು. ರೇಡಿಯೋ ಅದನ್ನು ಮುಟ್ಟದೆ ಅವಳ ಮುಖವನ್ನೇ ನೋಡಿದರು. ಏನನ್ನು ಕಾಯುತ್ತಿದ್ದಾರೆಂದು ಅವಳಿಗೆ ತಿಳಿಯಲು ತುಸು ಹೊತ್ತು ಬೇಕಾಯಿತು. ತಿಳಿದಾಗ ಕಿವಿಯವರೆಗೂ ಬಿಸಿಯಾಯಿತು.

“ತಗೊಂಡೆ. ನೀವು ಹೊರಡಿ.”

“ಕೇಳಿಸ್ಲಿಲ್ಲ,” ಎಂದರು ದೊಡ್ಡ ಸಿಸ್ಟರ್ ಹಿಂದಿನಿಂದ.

ಅವಳು ಇನ್ನೊಮ್ಮೆ, ವಾರ್ಡಿನ ಆ ತುದಿಗೂ ಕೇಳುವಂತೆ ಹೇಳಿದಳು. ಆಮೇಲೆ ರೇಡಿಯೋ ಹಾಳೆ ಎಳೆದುಕೊಂಡು, ಅವೇ ಪ್ರಶ್ನೆಗಳನ್ನು ಒಂದೂ ಅಕ್ಷರ ಬದಲಿಲ್ಲದೆ ಓದಿಕೊಂಡು ಗುರುತು ಹಾಕಿದರು. ಪ್ರತಿಯೊಂದಕ್ಕೂ ಏನು ಅನಿಸಿತೆಂದು ತಾವಾಗಿಯೇ ಹೇಳಿದರು, ಒಂದೆರಡು ಕಡೆ ಅನುವಾದ ಮಾಡಿದವರ ಕಾಲೂ ಎಳೆದರು. ‘ನನ್ನೊಳಗೆ ಏನೂ ಉಳಿದಿಲ್ಲ’ ಎಂಬಲ್ಲಿ, ಹೊಟ್ಟೆ ಹಸಿವಿನ ಪ್ರಶ್ನೆಯಾ ಇದು, ಆದರೂ ದಿನವೂ ಎಂದೇ ಹಾಕುತ್ತೇನೆ, ಎರಡೂ ನಿಜ ಎಂದರು. ಅವಳು ಆ ಪ್ರಶ್ನೆಯ ಪಕ್ಕ ತಿದ್ದಬೇಕು ಎಂದು ಗುರುತು ಮಾಡಿಕೊಂಡಳು.

ಆ ವಾರವೆಲ್ಲ ಪಾಳಿ ಮುಗಿದ ಮೇಲೆ ಒಬ್ಬೊಬ್ಬರೇ ಬಂದರು. ಕಿಟಕಿ ಹಾಸಿಗೆಗೆ ರೋಗಿ ಬಂದ ದಿನ ದೊಡ್ಡ ಸಿಸ್ಟರ್ ಚಾದರಗಳ ಕೋಣೆಯಲ್ಲಿ ಒಂದು ಸ್ಟ್ರೆಚರ್ ನಿಲ್ಲಿಸಿ, ಇದೇ ನಿಮ್ಮ ಬೆಡ್ಡು ಎಂದರು. ಬ್ರದರ್ ಈ ಸಲ ಓದಿ ಗುರುತು ಹಾಕಿದ. ಎಲ್ಲರ ಉತ್ತರ ದಿನವೂ ಎಂದೇನೂ ಆಗಿರಲಿಲ್ಲ. ಒಬ್ಬಾಕೆಗೆ ನಿಜವಾಗಿಯೂ ಅಷ್ಟೇನೂ ದಣಿವಿರಲಿಲ್ಲ, ಅದನ್ನೂ ಆಕೆ ನಾಚಿಕೊಂಡೇ ಹೇಳಿದಳು. ಚಿಕ್ಕಮ್ಮ ಮಾತ್ರ ಬರಲಿಲ್ಲ. ಅವಳ ಹಾಳೆ ಹೇಗೂ ಲೆಕ್ಕಕ್ಕಿಲ್ಲವಲ್ಲ, ಯಾರೂ ಕರೆಯಲೂ ಇಲ್ಲ.

ಪ್ರೊಫೆಸರರು ಹಳೆಯ ಹಾಳೆಗಳನ್ನೂ ಹೊಸ ಹಾಳೆಗಳನ್ನೂ ನೋಡಿದರು. ನೀವು ಅವರ ಬಾಯಿಗೆ ಮಾತು ತುರುಕಿಲ್ಲ ತಾನೆ ಎಂದು ಎರಡೆರಡು ಸಲ ಕೇಳಿದರು. ಇಲ್ಲ, ಮಾತು ಅದೇ, ನಿಲ್ಲಿಸಿದ ಜಾಗ ಬೇರೆ ಎಂದಳು. ಆಡಳಿತದವರು ಇದನ್ನೂ ಒಪ್ಪದಿರಬಹುದು, ನಾಟಕ ಎನ್ನಬಹುದು ಎಂದು ಅವರು ಎಚ್ಚರಿಸಿದರು. ಆದರೂ ಮುಚ್ಚಳವನ್ನು ಬಾಯಿಂದ ತೆಗೆದು ಪೆನ್ನಿಗೆ ಹಾಕಿದರು. ಸಭೆಯಲ್ಲಿ ಎರಡು ಕಂತೆಗಳನ್ನೂ ಇಟ್ಟು, ಕುರ್ಚಿಯ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರಂತೆ. ಫೈಲು ಮುಚ್ಚಲಿಲ್ಲ. ಇನ್ನೆರಡು ವಾರ್ಡುಗಳಲ್ಲಿ ಹೀಗೇ ಪರೀಕ್ಷಿಸಿ ಬನ್ನಿ, ಆಮೇಲೆ ನೋಡೋಣ ಎಂದರಂತೆ ಆಡಳಿತದವರು. ಗೆದ್ದೆವು ಎನ್ನುವಂತಿಲ್ಲ ಎಂದರು ಪ್ರೊಫೆಸರರು. ದೊಡ್ಡ ಸಿಸ್ಟರ್ ಸುದ್ದಿ ಕೇಳಿ, ನೋಡೋಣ ಅಂದರಾ, ಇಷ್ಟು ವರ್ಷಕ್ಕೆ ಅದೂ ಅಂದಿರಲಿಲ್ಲ ಎಂದರು.

ಅಂದು ಅವಳು ಮನೆಗೆ ಬಂದಾಗ ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತಿದ್ದಳು. ಒಂದು ಶೂ ಕೈಯಲ್ಲಿ, ಇನ್ನೊಂದು ಕಾಲಲ್ಲಿ. ಚಿಕ್ಕಪ್ಪ ಅಂಗಡಿಯಿಂದ ಬಂದಿರಲಿಲ್ಲ. ಅವಳು ಸಭೆಯ ವಿಷಯ ಹೇಳಿದಳು. ಚಿಕ್ಕಮ್ಮ ಹ್ಞೂಂ ಎಂದಳು. ಇವಳು ಟೀಗೆ ನೀರಿಡಲು ಒಳಗೆ ಹೆಜ್ಜೆ ಇಟ್ಟಾಗ ಹಿಂದಿನಿಂದ ಮಾತು ಬಂತು.

“ನಾನು ನಿನ್ನ ಲೆಕ್ಕಕ್ಕೆ ಬರಲ್ಲ ಅಲ್ವಾ?”

“ಇಲ್ಲ ಚಿಕ್ಕಮ್ಮ.”

“ಹಾಗಾದ್ರೆ ಬಾ. ಇಲ್ಲಿ ನಿಂತ್ಕೋ.”

ಅವಳು ಬಂದು ನಿಂತಳು. ಚಿಕ್ಕಮ್ಮ ಏಳಲು ನೋಡಿದಳು, ಆಗಲಿಲ್ಲ, ಕೂತೇ ಶುರುಮಾಡಿದಳು. ದನಿ ಮಾತ್ರ ವಾರ್ಡಿನದೇ.

“ಬಾಗಿಲ ಹತ್ತಿರದ ಸ್ಟೂಲು. ಹೆಂಗಸು. ನೋವು ಅಂತ ಹೇಳೋ ಅಂಥದ್ದೇನಿಲ್ಲ. ಮನೆಗೆ ಬರ್ತಾರೆ, ಆದ್ರೆ ಬಂದಿರಲ್ಲ. ಮನೆಯೋರು ಮಾತಾಡ್ಸಿದ್ರೆ ಕೇಳಿಸುತ್ತೆ, ಉತ್ತರ ಕೊಡೋಕೆ ಬಹಳ ದೂರದಿಂದ ಬರಬೇಕು. ಯಜಮಾನರು ಒಳ್ಳೇವ್ರು, ತಮಾಷೆ ಮಾಡ್ತಾರೆ, ಅವ್ರ ತಮಾಷೆಗೆ ನಗೋಕಾಗ್ತಿಲ್ಲ ಅಂತ ಬೇಜಾರು. ಒಬ್ಳು ಹುಡುಗಿ ಇದಾಳೆ. ಅವ್ಳು ದಿನಾ ಟೀ ತಂದಿಡ್ತಾಳೆ. ಆರಿ ಹೋಗುತ್ತೆ. ಅದು ಆರೋದನ್ನ ನೋಡ್ತಾನೇ ಇರ್ತಾರೆ, ಕೈ ಚಾಚಲ್ಲ.” ಸ್ವಲ್ಪ ತಡೆದು, “ಗುಂಡುಕಲ್ಲು ಅಂತಾರೆ. ನಂಬಬೇಡಿ,” ಎಂದಳು.

ಬರೆದುಕೊಳ್ಳಲು ಇವಳ ಕೈಯಲ್ಲಿ ಏನೂ ಇರಲಿಲ್ಲ. ಅವಳು ಬಗ್ಗಿ ಚಿಕ್ಕಮ್ಮನ ಕೈಯಿಂದ ಶೂ ತೆಗೆದುಕೊಂಡಳು, ಇನ್ನೊಂದು ಕಾಲಿನ ದಾರ ಬಿಚ್ಚಿ ಅದನ್ನೂ ತೆಗೆದು ಜೊತೆಯಾಗಿ ಗೋಡೆಗೆ ಇಟ್ಟಳು.

“ತಗೊಂಡೆ,” ಎಂದಳು. “ನೀನು ಹೊರಡು.”

ಈ ಸಲ ಪಿಸುಮಾತಾಗಲಿಲ್ಲ. ಚಿಕ್ಕಮ್ಮ ಅವಳನ್ನು ಒಂದು ಗಳಿಗೆ ನೋಡಿದಳು, ಭುಜ ಇಳಿಯಿತು. ಗೋಡೆ ಹಿಡಿದು ಎದ್ದು, ಬರಿಗಾಲಲ್ಲಿ ಒಳಕೋಣೆಗೆ ಹೋಗಿ ಮಲಗಿದಳು.

ನೀರು ಕುದಿಯುವ ಹೊತ್ತಿಗೆ ಬಾಗಿಲ ಗಂಟೆ ಬಾರಿಸಿತು. ಚಿಕ್ಕಪ್ಪ ಎಂದಿನಂತೆ ಕೀಲಿ ಮರೆತಿರಬೇಕು. ಒಳಕೋಣೆಯಲ್ಲಿ ಮಂಚ ಕಿರ್ ಎನ್ನಲಿಲ್ಲ. ಅವಳು ಒಲೆ ಸಣ್ಣ ಮಾಡಿ, ಕೈ ಒರೆಸಿಕೊಳ್ಳುತ್ತ, ಗಂಟೆ ಎರಡನೆಯ ಸಲ ಬಾರಿಸುವ ಮೊದಲೇ ಬಾಗಿಲಿಗೆ ಓಡಿದಳು.